ಜೂನ್ ಮೂವತ್ತೊಂದು

ಹುಟ್ಟಿದಂದಿನಿಂದ ಇವತ್ತಿನವರೆಗೆ ನನ್ನ ಮಾತಿಗೆ ಚಪ್ಪಾಳೆ ಬಿದ್ದಿದ್ದು ಒಂದೇ ಒಂದು ಸಲ. ಅದೂ ಬೀಳದೆ ಇದ್ದಿದ್ದರೆ ಚೆನ್ನಾಗಿತ್ತು. ಹೊಗಳಿಸಿಕೊಂಡು ಕೆಟ್ಟವರು ಲೋಕದಲ್ಲಿ ಬೇಕಾದಷ್ಟು ಜನ ಇರಬಹುದು, ಆದರೆ ಹೊಗಳಿಸಿಕೊಂಡ ಒಂದು ಗಂಟೆಯೊಳಗೆ ಕೆಟ್ಟವನು ನಾನೊಬ್ಬನೇ ಇರಬೇಕು.

ಮೊದಲು ನನ್ನ ಉದ್ಯೋಗ ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪೆಲ್ಲ ಅದರದ್ದೇ (ಇದು ನನ್ನ ಅಭಿಪ್ರಾಯ, ಮನೆಯಾಕೆಯ ಅಭಿಪ್ರಾಯ ಮುಂದೆ ಬರುತ್ತದೆ). ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ನಮ್ಮಲ್ಲಿ ಇಬ್ಬರು ಎದುರುಬದುರು ಕೂತು ಕೆಲಸ ಮಾಡುತ್ತೇವೆ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾ ಹೋಗುತ್ತಾರೆ. ಇನ್ನೊಬ್ಬ, ಅಂದರೆ ನಾನು, ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ಸಾಲುಸಾಲಿಗೂ "ಹ್ಞೂಂ" ಅನ್ನಬೇಕು. ಹ್ಞೂಂ ಅಂದರೆ ಸಾಲು ಸರಿಯಾಗಿದೆ, ಮುಂದಕ್ಕೆ ಹೋಗಿ ಎಂದರ್ಥ. ಆ ಸಾಲು ಏನು ಹೇಳುತ್ತದೆ ಎನ್ನುವುದು ನಮಗೆ ಸಂಬಂಧಪಡದ ವಿಷಯ. ಮದುವೆಯ ಕರೆಯೋಲೆಗೂ ಹ್ಞೂಂ, ಜಪ್ತಿ ನೋಟೀಸಿಗೂ ಹ್ಞೂಂ, ಸತ್ತವರ ಶ್ರದ್ಧಾಂಜಲಿಗೂ ಹ್ಞೂಂ. ಇಪ್ಪತ್ತೆರಡು ವರ್ಷ ಹೀಗೆ ಹೂಂಗುಟ್ಟಿ ಹೂಂಗುಟ್ಟಿ, ಈಗ ನಿದ್ದೆಯಲ್ಲೂ ನನ್ನ ಗಂಟಲು ತಾನಾಗಿ ಹ್ಞೂಂ ಅನ್ನುತ್ತದೆ. ತಪ್ಪು ಕಿವಿಗೆ ಬಿದ್ದರೆ ಮಾತ್ರ ಬಾಯಿ ತೆರೆದು ತಿದ್ದುತ್ತೇನಂತೆ, ಮತ್ತೆ ಗೊರಕೆಯಂತೆ. ಯೋಗಿಗಳು ಈ ಸಿದ್ಧಿಗೆ ಏನೋ ದೊಡ್ಡ ಹೆಸರು ಇಟ್ಟಿದ್ದಾರು. ನಮ್ಮ ಮನೆಯಲ್ಲಿ ಇದಕ್ಕೆ ಕೆಟ್ಟ ಚಾಳಿ ಎನ್ನುತ್ತಾರೆ.

ಮನೆಯಲ್ಲಿ ನಾವಿಬ್ಬರೇ. ಆಕೆ ವಿಮಾ ಕಚೇರಿಯಲ್ಲಿ ಹಿರಿಯ ಗುಮಾಸ್ತೆ. ಆ ಶನಿವಾರ ಬೆಳಿಗ್ಗೆ ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಾ ಕೇಳಿದಳು: "ರೀ, ಮಧ್ಯಾಹ್ನ ಚಿತ್ರಸಂಘದಲ್ಲಿ ಒಂದು ಸಿನಿಮಾ ಇದೆಯಂತೆ. ಜೊತೆಗೆ ಹೋಗೋಣ್ವಾ?"

ಎಷ್ಟೋ ವರ್ಷಗಳಿಂದ ನಾವು ಜೊತೆಯಾಗಿ ಹೋಗಿದ್ದೆಂದರೆ ಕಣ್ಣಿನ ಆಸ್ಪತ್ರೆಗೆ ಮಾತ್ರ. "ಏನು ವಿಶೇಷ?" ಎಂದೆ.

"ಏನಿಲ್ಲ. ಇವತ್ತೊಂದಿನ ಅಂತ."

ಇವತ್ತೊಂದಿನ ಅಂದರೆ ಏನೇ ಎಂದು ಕೇಳುವವನು ಗಂಡ. ಸಾಲು ಸರಿಯಾಗಿದೆ ಎಂದುಕೊಂಡು ಮುಂದಕ್ಕೆ ಹೋಗುವವನು ಕರಡು ತಿದ್ದುವವನು. ನಾನು ಹ್ಞೂಂ ಅಂದೆ.

ಚಿತ್ರಸಂಘದ ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನ ಮಹಡಿಯ ಮೇಲೆಯೇ ಪ್ರದರ್ಶನ. ನಲವತ್ತು ಕುರ್ಚಿಗೆ ಹದಿನೆಂಟು ಜನ. ಕಿಟಕಿಗಳಿಗೆ ಕಪ್ಪು ಬಟ್ಟೆ ಎಳೆದು ದೀಪ ಆರಿಸಿದರು. ಕೆಳಗಿನಿಂದ ಔಷಧಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು.

ಪರದೆಯ ಮೇಲೆ ಒಬ್ಬ ಮನುಷ್ಯ ಬೆನ್ನಿಗೆ ಒಂದು ಬಾಗಿಲು ಹೊತ್ತು ಮರಳಿನಲ್ಲಿ ನಡೆಯುತ್ತಿದ್ದ. ಹತ್ತು ನಿಮಿಷ ನಡೆದ. ಆಮೇಲೆ ಬಾಗಿಲನ್ನು ನೆಲದ ಮೇಲೆ ನಿಲ್ಲಿಸಿ ತಟ್ಟಿದ. ಆ ಕಡೆಯಿಂದ ಅವನೇ ಬಂದು ಬಾಗಿಲು ತೆರೆದ.

"ಇದು ಕನಸಾ, ನಿಜಾನಾ?" ಎಂದು ಆಕೆಯ ಕಿವಿಯಲ್ಲಿ ಕೇಳಿದೆ.

"ಸುಮ್ನೆ ನೋಡಿ," ಅಂದಳು.

ನೋಡಿದೆ. ಬಾಗಿಲು ತೆರೆದವನು, ತಟ್ಟಿದವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಕಿತ್ತು ಹಕ್ಕಿಗಳಿಗೆ ಎಸೆಯತೊಡಗಿದ. ನಾಲ್ಕನೆಯ ಗುಂಡಿಯವರೆಗೆ ನನಗೆ ಚೆನ್ನಾಗಿ ನೆನಪಿದೆ. ಅದಾದ ಮೇಲೆ ಕಥೆ ಸ್ವಲ್ಪ ಮಸುಕಾಯಿತು, ಆದರೆ ಸಿನಿಮಾದ ಅತ್ಯುತ್ತಮ ದೃಶ್ಯ ಬಂದಿದ್ದು ಆಗಲೇ. ಅಷ್ಟು ಸ್ಪಷ್ಟವಾದ ದೃಶ್ಯವನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ.

ದೀಪ ಹತ್ತಿತು. ಚರ್ಚೆ ಶುರುವಾಗಬೇಕು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತಾ ಕೂತರು. ಜನರ ಬಾಯಿ ತೆರೆಸಿ ಅಭ್ಯಾಸವಿದ್ದ ಡಾಕ್ಟರು ನನ್ನ ಕಡೆ ಕೈ ತೋರಿಸಿ, "ನೀವು ಹೇಳಿ, ಹೊಸಬರು," ಎಂದರು.

ಎದ್ದು ನಿಂತೆ. ಎಲ್ಲಿಂದ ಧೈರ್ಯ ಬಂತೋ ಕಾಣೆ, ಸಾಕ್ಷಾತ್ ವಿಮರ್ಶಕ ಶಿರೋಮಣಿಯ ಹಾಗೆ ಶುರು ಹಚ್ಚಿಕೊಂಡೆ.

"ಬಾಗಿಲು, ಗುಂಡಿ ಇವೆಲ್ಲ ಸುಮ್ನೆ ನಮ್ಮ ಗಮನ ತಪ್ಪಿಸೋಕೆ. ಸಿನಿಮಾದ ಜೀವ ಇರೋದು ಆ ಗಂಡ ಹೆಂಡತಿ ದೃಶ್ಯದಲ್ಲಿ. ಗಂಡ ಮುಖದ ಮೇಲೆ ಪೇಪರ್ ಹಾಕ್ಕೊಂಡು ಮಲಗಿದ್ದಾನೆ. ಹೆಂಡತಿ ಮಂಚದ ಅಂಚಲ್ಲಿ ಕೂತು ಒಂದು ಕಾಗದ ಓದ್ತಾಳೆ. ಅವಳಿಗೆ ಬಡ್ತಿ ಸಿಕ್ಕಿ ದೂರದೂರಿಗೆ ವರ್ಗ ಆಗಿದೆ. 'ಹೋಗಲಾ?' ಅಂತಾಳೆ. ಗಂಡ ಹ್ಞೂಂ ಅಂತಾನೆ. 'ಮೂರು ವರ್ಷ ಒಬ್ರೇ ಇರ್ತೀರಾ?' ಅಂತಾಳೆ. ಅದಕ್ಕೂ ಹ್ಞೂಂ. ಈಗ ಹೇಳಿ, ಹೆಂಡತಿ ಹೋಗ್ತೀನಿ ಅಂದ್ರೆ ಹ್ಞೂಂ ಅನ್ನೋ ಗಂಡ ನಿಜಜೀವನದಲ್ಲಿ ಇರ್ತಾನಾ? ಹಾಗಾಗಿ ಅದು ಕನಸು. ಇನ್ನೂ ಅನುಮಾನ ಇದ್ರೆ ಕಾಗದದ ತಾರೀಕು ನೋಡಿ. ಜೂನ್ ಮೂವತ್ತೊಂದಕ್ಕೆ ಹಾಜರಾಗಬೇಕು ಅಂತಿದೆ. ಅಂಥ ದಿನವೇ ಇಲ್ಲ. ಇಲ್ಲದ ದಿನ ಹೊರಡೋ ಹೆಂಗಸು ಯಾವತ್ತೂ ಹೊರಡಲ್ಲ. ನಿರ್ದೇಶಕರು ಹೇಳೋಕೆ ಹೊರಟಿರೋದು ಇಷ್ಟೇ."

ಚಪ್ಪಾಳೆ ಬಿತ್ತು. ಡಾಕ್ಟರು "ಇಲ್ಲದ ದಿನ, ಇಲ್ಲದ ದಿನ" ಎಂದು ಎರಡು ಸಲ ಗೊಣಗಿ ಡೈರಿಯಲ್ಲಿ ಬರೆದುಕೊಂಡರು. ಮುಂದಿನ ಸಾಲಿನ ಡ್ರಾಯಿಂಗ್ ಮೇಷ್ಟ್ರು ಎದ್ದು, "ಆ ಮಂಚದ ಮೇಲೆ ಕಿಟಕಿ ಬೆಳಕು ಬೀಳೋದನ್ನ ಗಮನಿಸಿದ್ರಾ? ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ," ಎಂದರು. ಮುಂದಿನ ತಿಂಗಳಿಂದ ಚರ್ಚೆಯನ್ನು ನಾನೇ ಆರಂಭಿಸಬೇಕೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಸರ್ವಾನುಮತ ಎಂದರೆ ಹದಿನೇಳು ಜನ. ನನ್ನಾಕೆ ಮಾತ್ರ ತಲೆ ಬಗ್ಗಿಸಿ ಕೈಚೀಲದ ಜಿಪ್ಪನ್ನು ಎಳೆಯುವುದು, ಹಾಕುವುದು ಮಾಡುತ್ತಿದ್ದಳು. ಗಂಡನ ಏಳಿಗೆ ಕಂಡರೆ ಹೆಂಗಸರಿಗೆ ಒಳಗೊಳಗೇ ಹೊಟ್ಟೆಕಿಚ್ಚು ಎಂದುಕೊಂಡೆ (ಈ ವಾಕ್ಯವನ್ನು ಹೊಡೆದು ಹಾಕಬೇಕಿತ್ತು, ನನ್ನ ಶಿಕ್ಷೆಗೆಂದು ಹಾಗೇ ಬಿಟ್ಟಿದ್ದೇನೆ).

ಮನೆಯ ಕಡೆ ನಡೆಯುವಾಗ ನಾನೇ ಕೇಳಿದೆ: "ಹೇಗಿತ್ತೇ ನನ್ನ ಮಾತು?"

"ಚೆನ್ನಾಗಿತ್ತು."

"ಆ ದೃಶ್ಯ ನಿನಗೂ ಹಿಡಿಸ್ತು ತಾನೇ?"

"ಆ ದೃಶ್ಯ ಸಿನಿಮಾದಲ್ಲಿ ಇರಲೇ ಇಲ್ಲಾರೀ."

"ಹದಿನೇಳು ಜನ ನೋಡಿದ್ದಾರೆ ಮಾರಾಯ್ತಿ."

"ಹದಿನೇಳು ಜನಾನೂ ನಿದ್ದೆ ಮಾಡಿರ್ತಾರೆ. ಅವನು ಗುಂಡಿ ಕೀಳೋ ಹೊತ್ತಿಗೇ ನೀವು ನನ್ನ ಭುಜದ ಮೇಲೆ ಒರಗಿದ್ರಿ. ಸಿನಿಮಾ ಮುಗಿಯೋವರೆಗೂ ನಾನು ಅಲುಗಾಡಲಿಲ್ಲ."

ಅವಮಾನ ಆಯಿತು. ಆದರೆ ಅದಕ್ಕಿಂತ ಹೆಮ್ಮೆಯೇ ಹೆಚ್ಚಾಯಿತು. ನಿರ್ದೇಶಕನಿಗೂ ಹೊಳೆಯದ ದೃಶ್ಯವನ್ನು ನಿದ್ದೆಯಲ್ಲಿ ಸೃಷ್ಟಿಸಿದ ಮಹಾಪುರುಷ ನಾನು. "ಹಾಗಾದ್ರೆ ಅದು ನನಗೆ ಬಿದ್ದ ಕನಸು!" ಎಂದೆ.

ಆಕೆ ಮನೆಯ ಬೀಗ ತೆಗೆದು ಒಳಗೆ ಹೋಗಿ ಬೀರುವಿನಿಂದ ಒಂದು ಕಾಗದ ತಂದು ನನ್ನ ಕೈಗಿಟ್ಟಳು. ವಿಮಾ ಕಚೇರಿಯ ಕಾಗದ. ಬಡ್ತಿ, ವರ್ಗಾವಣೆ, ಹೊಸ ಶಾಖೆಗೆ ಹಾಜರಾಗಬೇಕಾದ ದಿನ ಜೂನ್ 31. ಮೂವತ್ತೊಂದನ್ನು ಕೆಂಪು ಶಾಯಿಯಲ್ಲಿ ಹೊಡೆದು 30 ಎಂದು ಬರೆದು, ಪಕ್ಕದಲ್ಲಿ ಯಾರೋ ಸಹಿ ಹಾಕಿದ್ದರು.

"ಮೂರು ವಾರ ಆಯ್ತು," ಅಂದಳು. "ಭಾನುವಾರ ಊಟ ಆದ್ಮೇಲೆ ನಿಮ್ಮ ಪಕ್ಕ ಕೂತು ಓದಿ ಹೇಳಿದೆ. ಹೋಗಲಾ ಅಂದೆ, ಹ್ಞೂಂ ಅಂದ್ರಿ. ಕೋಪ ಏನೋ ಅಂದ್ಕೊಂಡು ಮಾರನೇ ದಿನ ಗಡ್ಡ ಕೆರೆಯೋವಾಗ ಕೇಳಿದೆ. ಹ್ಞೂಂ. ಊಟಕ್ಕೆ ಕೂತಾಗ ಇನ್ನೊಂದ್ಸಲ ಕೇಳಿದೆ. ಅದಕ್ಕೂ ಹ್ಞೂಂ. ಒಂದೇ ಒಂದು ಸಲ ಬೇಡ ಅಂದಿದ್ರೆ ಒಲ್ಲೆ ಅಂತ ಬರೆದು ಕೊಡ್ತಿದ್ದೆ."

ಆಗ ಮನೆಯನ್ನು ನೋಡಿದೆ. ಅಟ್ಟದ ಮೇಲಿನ ಸೂಟ್‌ಕೇಸು ಒಂದು ವಾರದಿಂದ ಕೆಳಗಿದೆ; ಬಿಸಿಲಿಗೆ ಹಾಕಲು ಇಳಿಸಿದ್ದಾಳೆಂದು ದಿನಾ ದಾಟಿಕೊಂಡು ಓಡಾಡಿದ್ದೆ. ಅಡುಗೆಮನೆಯ ಡಬ್ಬಗಳಿಗೆಲ್ಲ ಅಕ್ಕಿ, ಉಪ್ಪು, ಸಕ್ಕರೆ ಎಂದು ಚೀಟಿ ಅಂಟಿಸಿದ್ದಳು. ಅವನ್ನು ನಾನು ಓದಿದ್ದೆ. ಒಂದು ತಪ್ಪೂ ಇಲ್ಲ ಎಂದು ಮೆಚ್ಚಿಕೊಂಡೂ ಇದ್ದೆ.

"ಗಾಡಿ ಯಾವಾಗ?" ಎಂದೆ.

"ನಾಳೆ ಬೆಳಿಗ್ಗೆ. ಸೋಮವಾರ ಮೂವತ್ತು."

"ತಾರೀಕೇ ತಪ್ಪಿತ್ತಲ್ಲ ಇದರಲ್ಲಿ. ಆ ನೆಪ ಹೇಳಿ ಮುಂದಕ್ಕೆ ಹಾಕಬಹುದಿತ್ತು."

"ನಂಗೆ ಆ ತಪ್ಪು ಕಂಡಿರಲೇ ಇಲ್ಲ," ಅಂದಳು. "ಓದ್ತಾ ಇದ್ದಾಗ ನೀವೇ ಪೇಪರ್ ಕೆಳಗಿಂದ 'ಜೂನ್‌ಗೆ ಮೂವತ್ತೇ ದಿನ' ಅಂದ್ರಿ. ಮೂರು ವಾರದಲ್ಲಿ ಆ ವಿಷಯಕ್ಕೆ ನೀವು ಆಡಿದ ಮಾತು ಅದೊಂದೇ. ಹೋಗಿ ತಿದ್ದಿಸ್ಕೊಂಡು ಬಂದೆ. ತಿದ್ದದೇ ಇದ್ದಿದ್ರೆ ನೀವು ಅಲ್ಲಿ ಹೇಳಿದ ಹಾಗೆ, ಆ ದಿನ ಬರ್ತಾನೇ ಇರಲಿಲ್ಲ."

ನನಗೆ ಅಳು ಬಂತು. ನಲವತ್ತೊಂಬತ್ತು ವರ್ಷದ ಗಂಡಸು, ಕೈಯಲ್ಲಿ ಒಂದೂ ತಪ್ಪಿಲ್ಲದ ಕಾಗದ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆಕೆ ಸೂಟ್‌ಕೇಸಿನ ಮುಂದೆ ಮಂಡಿಯೂರಿ ಬಟ್ಟೆಗಳನ್ನು ಮಡಿಸಿ ಒಂದು, ಎರಡು, ಮೂರು ಎಂದು ಎಣಿಸಿ ಇಡತೊಡಗಿದಳು. ನಾನು ಹತ್ತಿರ ಹೋದೆ. ಜೀವನದಲ್ಲಿ ಮೊದಲ ಬಾರಿಗೆ ಪೂರ್ತಿ ಎಚ್ಚರದಲ್ಲಿದ್ದೆ.

"ಹೋಗಬೇಡ ಕಣೇ," ಎಂದೆ. "ನೀನಿಲ್ಲದೆ ನಂಗೆ ಇರೋಕಾಗಲ್ಲ."

ಆಕೆ ತಲೆ ಎತ್ತಲಿಲ್ಲ. ನಾಲ್ಕನೆಯ ಬಟ್ಟೆಯ ಮೇಲೆ ಐದನೆಯದನ್ನು ಇಟ್ಟು, ಅಂಚು ಸರಿಮಾಡಿ, "ಹ್ಞೂಂ," ಅಂದಳು.

ಇಪ್ಪತ್ತೆರಡು ವರ್ಷ ಅದೇ ಕಸುಬು ಮಾಡಿದವನು ನಾನು. ಆ ಹ್ಞೂಂಗೆ ಅರ್ಥ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.