ಸಮುದ್ರಕ್ಕೆ ಬೆನ್ನು ಹಾಕಿ ಕೂತ ಮಾವ

ಸಮುದ್ರ ನೋಡಲೆಂದೇ ಶಿಕಾರಿಪುರದಿಂದ ಹೊನ್ನಾವರದವರೆಗೆ ಹೋಗಿ, ದಡದ ಮೇಲೇ ಕೂತಿದ್ದು, ಸಮುದ್ರ ನೋಡದೆ ವಾಪಸು ಬಂದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿರುವುದೇನು ಬಂತು, ಅವರ ಚೀಲ ಹೊತ್ತುಕೊಂಡು ಜೊತೆಗೇ ಹೋಗಿದ್ದೇನೆ! ಅವರು ನನ್ನ ಸೋದರಮಾವ. ಹೆಸರು ಹೇಳುವುದಿಲ್ಲ. ಹೇಳಿದರೆ ಊರಿನವರು "ಓ, ಅವರಾ?" ಎಂದು ತಮಗೆ ಗೊತ್ತಿರುವ ಕಥೆಗಳನ್ನು ಶುರುಮಾಡುತ್ತಾರೆ, ನನ್ನದು ಹೇಳಲು ಜಾಗವೇ ಸಿಗುವುದಿಲ್ಲ.

ಮಾವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಗುಣ ಎನ್ನುವವರು ಅವರ ಜೊತೆ ಒಂದು ದಿನ ಬಾಳಿ ನೋಡಬೇಕಿತ್ತು. ಬೀಗರ ಮನೆಯ ಮದುವೆಯಲ್ಲಿ ಹೆಣ್ಣಿನ ತಂದೆ ಕೈಮುಗಿದು "ಊಟ ಹೆಂಗಿತ್ರೀ?" ಎಂದು ಕೇಳಿದರೆ, "ಸಾರು ಹಳಸಿತ್ತು" ಎಂದುಬಿಟ್ಟರು. ಸಂತೆಗೆ ಹಸು ಮಾರಲು ಹೋದವರು, ಕೊಳ್ಳಲು ಬಂದ ಪ್ರತಿಯೊಬ್ಬನಿಗೂ "ಒದೀತೈತಿ, ಹುಷಾರು" ಎಂದು ಮೊದಲೇ ಹೇಳಿ, ಸಂಜೆ ಹಸುವನ್ನು ಮನೆಗೇ ಹೊಡೆದುಕೊಂಡು ಬಂದರು. ಮರುದಿನ ಅದು ಒದ್ದದ್ದು ಅವರನ್ನೇ! ಮೊಣಕಾಲು ಹಿಡಿದುಕೊಂಡು "ನಾ ಹೇಳಿರಲಿಲ್ಲಾ?" ಎಂದು ಮನೆಮಂದಿಯ ಮುಂದೆಲ್ಲ ಹೆಮ್ಮೆಪಟ್ಟರು.

ಅತ್ತೆ, ಅಂದರೆ ಮಾವನ ಹೆಂಡತಿ, ಸೊರಬದ ಕಡೆ ಉಳವಿಯವರು. ಅವರು ಚಿಕ್ಕವರಿದ್ದಾಗ ಘಟ್ಟದ ಕೆಳಗಿನಿಂದ ಉಪ್ಪಿನ ಗಾಡಿಗಳು ಬರುತ್ತಿದ್ದವಂತೆ. ಗಾಡಿಯವರು ಎತ್ತು ಬಿಚ್ಚಿ ಮೇಯಲು ಬಿಟ್ಟು, ಸಮುದ್ರದ ಸುದ್ದಿ ಹೇಳುತ್ತ ಕೂರುತ್ತಿದ್ದರಂತೆ. ಆಚೆ ದಡವೇ ಇಲ್ಲದ ನೀರು ಹೇಗಿರುತ್ತದೆ ಎಂದು ನೋಡುವ ಆಸೆ ಅತ್ತೆಗೆ ಹತ್ತಿದ್ದು ಆಗಲೇ. ಮದುವೆಯಾದ ಹೊಸತರಲ್ಲಿ ಮಾವ "ಇಬ್ರೂ ಕೂಡಿ ಹೋಗಿ ನೋಡಾಣ" ಎಂದು ಮಾತು ಕೊಟ್ಟಿದ್ದರು. ಆಮೇಲೆ ಒಂದು ವರ್ಷ ಭತ್ತದ ಕೊಯ್ಲು, ಒಂದು ವರ್ಷ ಎಮ್ಮೆ ಕರು ಹಾಕುವುದು. ಯಾವ ನೆಪವೂ ಸಿಗದಿದ್ದರೆ ಕೊನೆಯ ಅಸ್ತ್ರ ಇದ್ದೇ ಇತ್ತು: "ಹೊನ್ನಾವರ ಮುಂಬಯಿ ಸರ್ಕಾರದ್ದು. ಮಂದಿ ಸಮುದ್ರ ನಮಗ್ಯಾಕ?"

ಕನ್ನಡನಾಡು ಒಂದಾದಾಗ ಯಾರು ಯಾರೋ ಸಂತೋಷಪಟ್ಟರು. ನಮ್ಮ ಅತ್ತೆಯಷ್ಟು ಯಾರೂ ಪಟ್ಟಿರಲಾರರು! ಮಾವ ಪೇಪರು ಓದಿ ಮಡಚುವುದರೊಳಗೆ, "ಈಗ ಸಮುದ್ರಾನೂ ನಮ್ಮದೇ ಆತಲ್ರೀ. ಯಾವಾಗ ಹೋಗೋದು?" ಎಂದರು. ಮಾವ ಮಡಚಿದ ಪೇಪರನ್ನು ಮತ್ತೆ ಬಿಚ್ಚಿದರು.

ಅಂತೂ ಒಂದು ಬೇಸಿಗೆಯಲ್ಲಿ ದಿನ ನಿಶ್ಚಯವಾಯಿತು. ಬುತ್ತಿಗೆ ರೊಟ್ಟಿ ತಟ್ಟುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಕಾಲಿಗೆ ಬಾವು, ಹಿತ್ತಿಲಿಗೆ ಹೋಗಿ ಬಂದರೆ ಏದುಸಿರು. ಡಾಕ್ಟರು ಜಗಲಿಗೆ ಬಂದು, ಎದೆ ಪೂರ್ತಿ ಸೋತಿದೆ, ಇನ್ನು ಇವರು ಏಳುವುದು ಕಷ್ಟ ಎಂದು ಮಾವನಿಗೂ ನನಗೂ ಮಾತ್ರ ಹೇಳಿದರು. "ಬ್ಯಾಸಗಿ ಕಳೀಲಿ, ಆಕಿ ಏಳ್ತಾಳ. ನೀವೇನೂ ಹೆದರಬ್ಯಾಡ್ರಿ" ಎಂದು ಮಾವ ಡಾಕ್ಟರಿಗೇ ಧೈರ್ಯ ಹೇಳಿ ಕಳಿಸಿದರು.

ಆದರೆ ಅತ್ತೆಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಮಾವನನ್ನು ಕರೆದು, "ನೀವಾದ್ರೂ ಹೋಗಿ ಬರ್ರಿ. ಚೆಂದಾಗಿ ನೋಡ್ಕೊಂಡು ಬಂದು ನಂಗ ಹೇಳ್ರಿ. ನಿಮ್ಮ ಬಾಯಾಗ ಸುಳ್ಳು ಬರಂಗಿಲ್ಲ, ನಾನೇ ನೋಡಿದಂಗ ಆಗ್ತೈತಿ" ಎಂದರು. ಮಾವ ಒಲ್ಲೆ ಎಂದರು. ಅತ್ತೆ ಔಷಧಿ ಒಲ್ಲೆ ಎಂದರು. ಆಮೇಲೆ ಮಾವ ಚೀಲ ಹುಡುಕಿದರು. "ನೀನೂ ಹೋಗೋ, ಇವರು ದಾರಿಯಾಗ ಇಳಿದು ವಾಪಸ್ ಬಂದಾರು" ಎಂದು ಅತ್ತೆ ನನ್ನನ್ನೂ ಜೊತೆಗೆ ಕಳಿಸಿದರು. ಅತ್ತೆಯ ಹತ್ತಿರ ನನ್ನ ಅಮ್ಮ ಉಳಿದಳು.

ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಜನರಿಗೂ ಜ್ವರ ಬರುತ್ತಿದೆ ಎಂಬ ಸುದ್ದಿ ಹಬ್ಬಿದ್ದ ಕಾಲ. ಬಸ್ಸು ಸೊರಬ ಬಿಟ್ಟ ಕೂಡಲೇ ಮಾವ ಕಿಟಕಿಯ ಪರದೆ ಇಳಿಸಿದರು. ತಮ್ಮದಷ್ಟೇ ಅಲ್ಲ, ಮುಂದಿನವರದು, ಹಿಂದಿನವರದು ಕೂಡ!

"ಮಂಗ ಏನು ಟಿಕೆಟ್ ತಗಂಡು ಹತ್ತುತ್ತಾ ಯಜಮಾನ್ರೇ?" ಎಂದ ಕಂಡಕ್ಟರ್.

"ತಗಳದೇ ಹತ್ತತೈತಿ, ಅದಕ್ಕೇ ನಂಗ ಹೆದರಿಕಿ!"

ಘಟ್ಟ ಇಳಿದದ್ದಾಯಿತು, ಸೆಕೆ ಶುರುವಾಯಿತು, ಯಾರೋ "ಅಗೋ, ಸಮುದ್ರ!" ಎಂದು ಕೂಗಿದರು. ಬಸ್ಸಿನವರೆಲ್ಲ ಆ ಕಡೆ ಬಗ್ಗಿದರು. ಮಾವ ಮಾತ್ರ ಪರದೆ ಎತ್ತಲಿಲ್ಲ. ಮಂಗಗಳು ಎಲ್ಲೋ ಹಿಂದೆ ಉಳಿದಿದ್ದವು, ಇದಕ್ಕೇನು ಹೆದರಿಕೆ?

ಮರಳ ದಂಡೆಗೆ ಕರೆದುಕೊಂಡು ಹೋದೆ. ಮಾವ ಚಪ್ಪಲಿ ಬಿಚ್ಚಿಟ್ಟು, ಟವೆಲು ಹಾಸಿ, ಸಮುದ್ರಕ್ಕೆ ಬೆನ್ನು ಹಾಕಿ, ತೆಂಗಿನ ಮರಗಳ ಕಡೆ ಮುಖ ಮಾಡಿ ಕುಳಿತರು!

"ಮಾವ, ಸಮುದ್ರ ಈ ಕಡೆ ಇದೆ."

"ಇರ್ಲಿ ಬಿಡು."

"ನೋಡೋಕೆ ಬಂದಿದ್ದಲ್ವಾ?"

"ನೀ ನೋಡು. ನಾ ಕೂತೀನಿ."

ಉಪಾಯ ಮಾಡಿದೆ. "ಅಗೋ, ನೀರಿನ ನಡುವೆ ಗುಡ್ಡ. ಅದರ ಮೇಲೆ ನಮ್ಮ ಇಕ್ಕೇರಿ ಅರಸರು ಕಟ್ಟಿಸಿದ ಕೋಟೆ ಇದೆಯಂತೆ!" ಎಂದೆ. ಇಕ್ಕೇರಿ ಎಂದರೆ ಮಾವನಿಗೆ ಪ್ರಾಣ. ದಡಕ್ಕನೆ ಎದ್ದು "ಯಾವ ದಿಕ್ಕಿಗೆ?" ಎಂದರು. ನಿಮ್ಮ ಬೆನ್ನ ಹಿಂದೆ ಎಂದೆ. ಸ್ವಲ್ಪ ಯೋಚಿಸಿ, ತೆಂಗಿನ ಮರಕ್ಕೇ ಕೈಮುಗಿದು, "ಅರಸರು ದೊಡ್ಡವರು, ತಿಳ್ಕೊಂತಾರ" ಎಂದು ಮತ್ತೆ ಕುಳಿತರು.

ಅಷ್ಟರಲ್ಲಿ ದೊಡ್ಡ ಅಲೆಯೊಂದು ಬಂದು ಅವರ ಬೆನ್ನಿಗೆ ಫಟಾರನೆ ಹೊಡೆಯಿತು. ಅಂಗಿ ತೊಯ್ದು ತೊಪ್ಪೆ. ಆಗಲಾದರೂ ತಿರುಗಬೇಡವೇ? "ಯಾವನಲೇ ಅವ್ನು?" ಎಂದು ತೆಂಗಿನ ಮರದ ಕಡೆ ನೋಡುತ್ತಲೇ ಗದರಿಸಿದರು!

ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ಹತ್ತಿಸಿದೆ. ದೋಣಿಯಲ್ಲಿ ಎತ್ತ ತಿರುಗಿದರೂ ನೀರೇ, ಈಗೇನು ಮಾಡುತ್ತಾರೆ ನೋಡೋಣ ಎಂದುಕೊಂಡೆ. ಮಾವ ತಲೆಯ ಮೇಲಿಂದ ಗಲ್ಲದವರೆಗೆ ಟವೆಲು ಎಳೆದುಕೊಂಡರು.

"ಅವ್ರಿಗೆ ಕಣ್ಣು ಕಾಣೂದಿಲ್ಲಾ?" ಎಂದು ದೋಣಿಯವನು ಮರುಕದಿಂದ ಕೇಳಿದ.

"ಕಾಣುತ್ತೆ."

"ಹಂಗಾರೆ ಎಂತಕ್ಕೆ ಮಾರಾಯ್ರೇ?"

ನನಗೆ ನಿಜವಾಗಿ ಅಳು ಬಂತು. ಅಲ್ಲಿ ಒಬ್ಬಾಕೆ ಉಸಿರು ಹಿಡಿದುಕೊಂಡು ಕಾಯುತ್ತಿದ್ದಾರೆ. ಆಕೆ ಬೇಡಿದ್ದು ಒಂದು ಮಾತು, ಸಮುದ್ರ ಹೀಗಿತ್ತು ಎಂಬ ಒಂದು ಮಾತು. ಅದನ್ನು ತರಲು ಬಂದವರು ಇಲ್ಲಿ ಮುಸುಕು ಹಾಕಿಕೊಂಡು ಕೂತಿದ್ದಾರೆ. "ಅತ್ತೆ ಕೇಳಿದರೆ ಏನು ಹೇಳ್ತೀರಿ?" ಎಂದು ರೇಗಿದೆ. "ಇದ್ದದ್ದು ಹೇಳ್ತೀನಿ" ಎಂದರು ಟವೆಲಿನ ಒಳಗಿನಿಂದ. ಇಂಥ ಕಲ್ಲುಹೃದಯದವರ ಜೊತೆ ಅತ್ತೆ ಇಷ್ಟು ವರ್ಷ ಹೇಗೆ ಬಾಳಿದರೋ ಎಂದುಕೊಂಡೆ.

ಮನೆಗೆ ಬಂದಾಗ ಅತ್ತೆ ದಿಂಬಿಗೆ ಒರಗಿ ಬಾಗಿಲ ಕಡೆಯೇ ನೋಡುತ್ತಿದ್ದರು. ಮುಖ ಇನ್ನಷ್ಟು ಇಳಿದಿತ್ತು. ಮಾವ ಕೂತುಕೊಳ್ಳುವ ಮೊದಲೇ "ಹೆಂಗಿತ್ರೀ?" ಎಂದರು.

"ನಾ ನೋಡ್ಲಿಲ್ಲ."

"ಆಂ?"

"ಇಬ್ರೂ ಕೂಡಿ ನೋಡಾಣ ಅಂತ ಮಾತಾಗಿತ್ತಲ್ಲ. ನೀ ಕಳಿಸಿದಿ, ಹೋದೆ. ನೋಡ್ಲಿಲ್ಲ. ನೀ ಏಳು, ಹೋಗಾಣ. ಅಲ್ಲೀತನಕ ನಾನೂ ನೋಡಂಗಿಲ್ಲ."

ನನ್ನ ಕೈಯಲ್ಲಿದ್ದ ಚೀಲ ಹಾಗೇ ಉಳಿಯಿತು. ಡಾಕ್ಟರು ಹೇಳಿದ್ದು ಮಾವನಿಗೂ ನನ್ನಷ್ಟೇ ಸ್ಪಷ್ಟವಾಗಿ ಕೇಳಿಸಿತ್ತು.

ಅತ್ತೆ ಬೈದರು ನೋಡಿ! "ಅಷ್ಟು ದೂರ ಹೋಗಿ ಕಣ್ಣು ಮುಚ್ಕೊಂಡು ಬಂದ್ರಾ? ನಿಮಗೇನು ಬುದ್ಧಿ ಐತಾ? ಈಗ ನಂಗ ಯಾರು ಹೇಳ್ತಾರ್ರೀ?" ಎಂದು ಉಸಿರು ಸಾಲದಾಗುವವರೆಗೆ ಬೈದರು. ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ಹೋಗಿ, ನಮಗೆ ಬೆನ್ನು ಹಾಕಿ ಹೊಸ್ತಿಲ ಮೇಲೆ ಕುಳಿತರು. ಅಂಗಿಯ ಬೆನ್ನ ಮೇಲೆ ಸಮುದ್ರದ ನೀರು ಆರಿ ಉಪ್ಪಿನ ಬಿಳಿ ಗೆರೆ ಎದ್ದಿತ್ತು.

ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು, "ನೀ ನೋಡಿದಿಯಲ್ಲ, ಹೇಳು" ಎಂದರು.

ಆಕೆಗೆ ಆಯಾಸವಾಗಬಾರದೆಂದು ಮೆಲ್ಲನೆ ಶುರುಮಾಡಿದೆ. ನೀರಿನ ಬಣ್ಣ, ಅಲೆ ಮುರಿಯುವ ಸದ್ದು, ಗುಡ್ಡದ ಕೋಟೆ. ಹೊಸ್ತಿಲ ಮೇಲಿನ ತಲೆ ಸ್ವಲ್ಪ ಸ್ವಲ್ಪವೇ ನಮ್ಮ ಕಡೆ ವಾಲುತ್ತಿತ್ತು.

ಅತ್ತೆ ನನ್ನ ಕೈ ಒತ್ತಿದರು. "ಇನ್ನೊಂಚೂರು ಗಟ್ಟಿಯಾಗಿ ಹೇಳೋ. ಅವ್ರಿಗೂ ಕೇಳ್ಲಿ. ಪಾಪ, ಅವ್ರೂ ನೋಡಿಲ್ಲ."