ಹಿತ್ತಲಲ್ಲಿ ನಿಂತ ನೀರು ಯಾರದು?

ನನಗೆ ಯಾರ ಮೇಲೂ ದ್ವೇಷವಿಲ್ಲ, ಸಂಶಯ ಮಾತ್ರ ಇದೆ. ಶಾಲಾ ಮಾಸ್ತರನಾದ್ದರಿಂದ ಅದು ವೃತ್ತಿಯಿಂದಲೇ ಬಂದದ್ದು. ಹಾಲಿನವನ ಮೇಲೆ, ತಕ್ಕಡಿಯ ಮೇಲೆ, ತೇರದಾಳದ ಬಸ್ಸು "ಈಗ ಬರ್ತೈತ್ರಿ" ಎನ್ನುವವನ ಮೇಲೆ, ಎಲ್ಲರ ಮೇಲೂ ಸಮನಾಗಿ. ಪಕ್ಕದ ಮನೆಯ ಮಲ್ಲಪ್ಪನಿಗೆ ಮಾತ್ರ ಒಂದು ಪಾಲು ಹೆಚ್ಚು, ಯಾಕೆಂದರೆ ಅವನು ಸದಾ ನಗುತ್ತಾನೆ. ಕಾರಣವಿಲ್ಲದೆ ನಗುವವನನ್ನು ಹೇಗೆ ನಂಬುವುದು?

ಜಮಖಂಡಿಯ ಹೊರಗೆ, ಕಬ್ಬಿನ ಹೊಲ ಒಡೆದು ಮಾಡಿದ ಬಡಾವಣೆಯಲ್ಲಿ ನಮ್ಮ ಮನೆ. ಒಳಚರಂಡಿ ಇನ್ನೂ ಇತ್ತ ಬಂದಿಲ್ಲ. ಪಾಯಖಾನೆಯ ನೀರು ಮೊದಲು ಟ್ಯಾಂಕಿಗೆ ಹೋಗುತ್ತದೆ. ಗಸಿ ತಳದಲ್ಲಿ ಕೂರುತ್ತದೆ, ಮೇಲಿನ ನೀರು ತೂತಿನ ಪೈಪುಗಳಲ್ಲಿ ಹರಿದು, ಹಿತ್ತಲಿನ ಜಲ್ಲಿಯ ಮೂಲಕ ಮಣ್ಣಿಗೆ ಇಂಗುತ್ತದೆ. ಮಣ್ಣು ಸಡಿಲಿದ್ದರೆ ಕುಡಿಯುತ್ತದೆ, ಬಿಗಿದರೆ ಉಗುಳುತ್ತದೆ. ನಮ್ಮದು ಎರೆಮಣ್ಣು, ನೀರು ಕುಡಿಯುವುದರಲ್ಲಿ ಮೊದಲೇ ಜಿಪುಣ. ಮನೆ ಕಟ್ಟಿದ ಗೌಂಡಿ ಅದಕ್ಕೇ ನೀರಿಳಿಯುವ ಗರಸು ಮಣ್ಣು ತರಿಸಿ ಹಾಕಿದ್ದ. ಹೋಗುವಾಗ, "ಇದರ ಮ್ಯಾಲೆ ವಜ್ಜಾ ಏನೂ ಇಡಬ್ಯಾಡ್ರಿ ಸರ" ಅಂದ. ಮಿಕ್ಕ ಫರಸಿ ಕಲ್ಲುಗಳನ್ನು ತಾನು ಒಯ್ಯುವ ಹುನ್ನಾರವೆಂದು ನನಗೆ ಸಂಶಯ ಬಂತು. ಕಲ್ಲುಗಳನ್ನೆಲ್ಲ ಆ ಜಲ್ಲಿಯ ಮೇಲೆಯೇ, ಮಲ್ಲಪ್ಪನ ಗಡಿಗುಂಟ ಒಟ್ಟಿಸಿದೆ. ನಡುವೆ ಗೋಡೆಯಿಲ್ಲ. ನಗುವವನು ನಗುತ್ತಲೇ ಗೇಣುಗೇಣು ಇತ್ತ ಸರಿದರೆ?

ಈಗ ಮಗಳು ಚೊಚ್ಚಲ ಬಾಣಂತನಕ್ಕೆ ಬರುವ ಹೊತ್ತಿಗೆ ಪಾಯಖಾನೆ ಗುಳುಗುಳು ಎನ್ನತೊಡಗಿತು. ಕಲ್ಲಿನ ಸುತ್ತ ಹುಲ್ಲು ಕಡುಹಸಿರು, ಕಾಲಿಟ್ಟರೆ ಪಚಪಚ, ಮುಚ್ಚಿದ ಮೂಗು ಬಿಡುವಂತಿಲ್ಲ.

"ಇಂಥಾ ವಾಸನ್ಯಾಗ ಕೂಸಿನ ತೊಟ್ಟಲಾ ಎಲ್ಲಿ ಕಟ್ಟೂದ್ರಿ? ಆಕಿ ಗಲಗಲ್ಯಾಗ ಅತ್ತಿ ಮನ್ಯಾಗ ಇರ್ಲಿ ಬಿಡ್ರಿ" ಎಂದಳು ಹೆಂಡತಿ.

ಮೊದಲ ಮೊಮ್ಮಗು ಬೀಗರ ಮನೆಯಲ್ಲಿ! ಕೂಡಲೇ ಅಪರಾಧಿ ಹೊಳೆದ. ಮಲ್ಲಪ್ಪ ತನ್ನ ಬಚ್ಚಲ ನೀರನ್ನು ಗುಟ್ಟಾಗಿ ಇತ್ತ ಬಿಟ್ಟಿದ್ದಾನೆ! ಜಗಳಕ್ಕೇ ಹೋದೆ. ಅವನು ನಗುತ್ತ ತನ್ನ ಒಣ ಹಿತ್ತಲು ತೋರಿಸಿದ.

"ನನ್ನ ನೀರು ನನ್ನ ಬಾಳಿಗಿಡಕ್ಕ ಸಾಲಂಗಿಲ್ರಿ ಸರ, ನಿಮಗೆಲ್ಲಿಂದ ಬಿಡ್ಲಿ?"

ಹಿಂದಿನಿಂದ ಹೆಂಡತಿಯ ದನಿ ಬಂತು: "ಗೌಂಡಿ ಏನ್ ಹೇಳಿದ್ದ? ಆ ಕಲ್ಲ ತಗೀರಿ ಮೊದಲ."

ಖರೆ. ಕಲ್ಲಿನ ಭಾರಕ್ಕೆ ಮಣ್ಣು ಬಿಗಿದು, ಪೈಪು ಒಡೆದು, ನಮ್ಮದೇ ನೀರು ದಾರಿ ಕಾಣದೆ ಮೇಲೆ ಬಂದಿತ್ತು. ಗೌಂಡಿ ಬಂದು ಮಣ್ಣು ಅಗೆದು ಹೊಸ ಪೈಪು ಹಾಕಬೇಕಾದರೆ ಮೊದಲು ಜಾಗ ಖಾಲಿಯಾಗಬೇಕು. ಮಲ್ಲಪ್ಪ ಅಂಗಿ ಬಿಚ್ಚಿಟ್ಟು ಬಂದೇಬಿಟ್ಟ.

"ಕೂಸು ಬರೂ ಮನಿ, ಲಗೂನ ಮಾಡೂನ್ರಿ. ಕಲ್ಲ ನನ್ನ ಕಡೆ ಇಡೂನ್ರಿ, ಜಾಗಾ ಐತಿ."

ಇಂಥವನ ಮೇಲೆ ಸಂಶಯಪಟ್ಟೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಇನ್ನು ಮೇಲೆ ಅವನನ್ನು ಪೂರ್ತಿ ನಂಬಬೇಕೆಂದು ಅಲ್ಲೇ ನಿಶ್ಚಯಿಸಿ, ಕಲ್ಲುಗಳನ್ನು ಒಂದೊಂದಾಗಿ ಅವನ ಕೈಗೆ ಕೊಟ್ಟೆ, ಕಿಸೆಯಲ್ಲಿದ್ದ ಸೀಮೆಸುಣ್ಣದಿಂದ ಪ್ರತಿಯೊಂದರ ಬೆನ್ನಿಗೂ ನನ್ನ ಹೆಸರು ಬರೆದು.