ಹನಿಯೂ ಸೋರದ ರಜೆ

ಈ ಸಲದ ರಜೆ ಕೆಡಬೇಕಾದರೆ ಸಮುದ್ರವೇ ಬತ್ತಬೇಕು ಎಂದು ಗ್ಯಾರಂಟಿಯಪ್ಪ ಊಟದ ಮೇಜು ಕುಟ್ಟಿ ಘೋಷಿಸಿದ. ಕುಟ್ಟಿದ ರಭಸಕ್ಕೆ ನೀರಿನ ಲೋಟ ಉರುಳಿತು. ಹೆಂಡತಿ ಎದ್ದು ಹೋಗಿ ಬಟ್ಟೆ ತಂದು ಒರೆಸಿದಳು. ಘೋಷಣೆ ಮಾಡುವುದು ಅವನ ಪಾಲಿಗೂ ಒರೆಸುವುದು ಅವಳ ಪಾಲಿಗೂ ಮದುವೆಯಾದಾಗಿನಿಂದ ಬಂದಿದ್ದವು.

ಅಪ್ಪ ಅಮ್ಮ ಇಟ್ಟ ಹೆಸರು ಅದಲ್ಲ ಬಿಡಿ. ಸೋರುವ ತಾರಸಿ, ಬಿರುಕು ಬಿಟ್ಟ ನೀರಿನ ಟ್ಯಾಂಕು, ತೇವ ಹಿಡಿದ ಗೋಡೆ ಇವುಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಕೆಲಸ ಮುಗಿದಾಗಲೆಲ್ಲ ಕೈ ಒರೆಸಿಕೊಳ್ಳುತ್ತ, "ಹತ್ತು ವರ್ಷ ಗ್ಯಾರಂಟಿ. ಒಂದು ಹನಿ ಸೋರಿದ್ರೂ ನನ್ನ ಹೆಸರು ಬದಲಾಯಿಸಿ" ಎನ್ನುತ್ತಿದ್ದ. ಅವನು ಮುಟ್ಟಿದ ಯಾವ ತಾರಸಿಯೂ ಸೋರಲಿಲ್ಲ. ಜನ ಹೆಸರನ್ನು ಮಾತ್ರ ಬದಲಾಯಿಸಿಬಿಟ್ಟರು.

ಹೆಂಡತಿಗೆ ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ನೌಕರಿ. ಊರಲ್ಲಿ ಎಲ್ಲಿ ಕರೆಂಟು ಹೋದರೂ ಬೈಗುಳ ನೇರವಾಗಿ ಅವಳ ಕಿವಿಗೇ ಬರುತ್ತಿತ್ತು. ಇಡೀ ದಿನ ಅದನ್ನು ಕೇಳಿಸಿಕೊಂಡು ಮನೆಗೆ ಬಂದರೆ ಇಲ್ಲಿ ಗಂಡನ ಬಾಯಿ ಕಾದಿರುತ್ತಿತ್ತು. ಯಾರ ಮನೆಯ ಗೋಡೆ ಎಷ್ಟು ತೇವ ಕುಡಿದಿತ್ತು, ಅದನ್ನು ತಾನು ಹೇಗೆ ಬಗ್ಗುಬಡಿದೆ ಎಂಬ ಕಥೆ ಊಟ ಮುಗಿದ ಮೇಲೂ ಮುಗಿಯುತ್ತಿರಲಿಲ್ಲ. ವರ್ಷಗಟ್ಟಲೆ ಕಾದ ಮೇಲೆ ಅವಳಿಗೆ ಈಗ ರಜೆ ಸಿಕ್ಕಿತ್ತು, ಅದೂ ಬೆರಳೆಣಿಕೆಯ ದಿನಗಳದ್ದು.

ಗ್ಯಾರಂಟಿಯಪ್ಪ ಸಮುದ್ರದ ದಂಡೆಯಲ್ಲಿ ಪುಟ್ಟದೊಂದು ಮನೆ ಗೊತ್ತುಮಾಡಿದ. ಆಮೇಲೆ ಕಾರ್ಯಕ್ರಮ ವಿವರಿಸಿದ. ಬಿಸಿಲಿದ್ದರೆ ಈಜು, ಮರಳಿನ ಕೋಟೆ, ಕಪ್ಪೆಚಿಪ್ಪು ಆರಿಸುವ ಸ್ಪರ್ಧೆ. ಮೋಡವಿದ್ದರೆ ದೀಪಸ್ತಂಭದವರೆಗೆ ನಡಿಗೆ. ಗಾಳಿಯಿದ್ದರೆ ಗಾಳಿಪಟ. ಮಳೆ ಬಂದರೆ ಒಳಗೆ ಕೂತು ಕೇರಂ, ಇಸ್ಪೀಟು, ಅದೂ ಸಾಕಾದರೆ ಅವನೇ ಪ್ರಶ್ನೆ ಕೇಳಿ ಅವನೇ ಅಂಕ ಕೊಡುವ ಸಾಮಾನ್ಯ ಜ್ಞಾನ ಪರೀಕ್ಷೆ. ಆಕಾಶ ಏನೇ ಮಾಡಿದರೂ ಗ್ಯಾರಂಟಿಯಪ್ಪನ ಹತ್ತಿರ ಅದಕ್ಕೊಂದು ಉತ್ತರ ಇತ್ತು.

ಹೆಂಡತಿ ಎಲ್ಲವನ್ನೂ ಕಚೇರಿಯಲ್ಲಿ ಕೇಳಿಸಿಕೊಳ್ಳುವ ಹಾಗೆಯೇ ಕೇಳಿಸಿಕೊಂಡಳು. ಆಮೇಲೆ, "ಸುಮ್ನೆ ಕೂತ್ಕೊಳ್ಳೋದು ಯಾವ ಹವಾಮಾನದಲ್ಲಿ ಬರುತ್ತೆ?" ಎಂದಳು.

"ಅಂದ್ರೆ?"

"ಮರಳ ಮೇಲೆ, ನೀರಿಗೆ ಕಾಲು ಚಾಚ್ಕೊಂಡು. ಯಾರೂ ಏನೂ ಹೇಳ್ಬಾರ್ದು, ಕೇಳ್ಬಾರ್ದು. ಒಂದೇ ಒಂದು ದಿನ ಸಾಕು ನಂಗೆ."

"ಸುಮ್ನೆ ಕೂರೋಕೆ ಸಮುದ್ರ ಯಾಕೆ ಬೇಕು? ಇಲ್ಲೇ ಸೋಫಾ ಇದೆಯಲ್ಲ" ಎಂದು ಗ್ಯಾರಂಟಿಯಪ್ಪ ಪ್ರಾಮಾಣಿಕವಾಗಿಯೇ ಕೇಳಿದ. ಅವಳು ಒಂದು ಷರತ್ತು ಮಾತ್ರ ಹಾಕಿದಳು: ಕಸುಬಿನ ಸಾಮಾನು ಏನೊಂದೂ ಬರಕೂಡದು. ಅವನು ಆಣೆ ಮಾಡಿ ಒಪ್ಪಿಕೊಂಡ. ಆಮೇಲೆ ಟವೆಲುಗಳ ಅಡಿಯಲ್ಲಿ ತನ್ನ ಅಂಟಿನ ಗನ್ನನ್ನೂ ಟ್ಯೂಬುಗಳನ್ನೂ ಮಲಗಿಸಿದ. ಟ್ಯಾಂಕಿನ ಬಿರುಕಿಗೆ ಹಾಕುವ ಮಾಲು ಅದು. ಹಾಕುವಾಗ ಬೆಣ್ಣೆ, ಒಣಗಿದರೆ ಬಂಡೆ. ಅದಿಲ್ಲದೆ ಊರು ದಾಟಿದರೆ ಅವನಿಗೆ ಮೈಮೇಲೆ ಅಂಗಿ ಇಲ್ಲದ ಹಾಗೆ ಅನ್ನಿಸುತ್ತಿತ್ತು.

ಜೊತೆಗೆ ಹೊರಟವರು ಹೆಂಡತಿಯ ತಾಯಿ, ಅಂದರೆ ಅವನ ಅತ್ತೆ. ಅತ್ತೆ ಕಡ್ಡಿಯ ಹಾಗೆ ತೆಳ್ಳಗಿದ್ದರು. ಅವರು ಒಲೆ ಹಚ್ಚಿದ ಮೇಲೆ ಅಡುಗೆಮನೆಯ ಹೊಸ್ತಿಲು ಯಾರೂ ದಾಟುವಂತಿರಲಿಲ್ಲ. ಅಳಿಯನಿಗಂತೂ ಅಲ್ಲಿಂದ ಪೂರ್ತಿ ಗಡಿಪಾರು.

ಹೋದ ದಿನವೇ ಸಮುದ್ರದ ಕಡೆಯಿಂದ ಮಳೆ ಎರಗಿತು. ಅದು ನೆಟ್ಟಗೆ ಸುರಿಯುವ ಸಭ್ಯ ಮಳೆಯಲ್ಲ. ಗಾಳಿಯ ಹೆಗಲೇರಿ ಅಡ್ಡಡ್ಡ ಬಂದು ಮನೆಯ ಮುಖಕ್ಕೇ ರಾಚುತ್ತಿತ್ತು. ಹೆಂಡತಿ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತಳು. ಗ್ಯಾರಂಟಿಯಪ್ಪ ಕೇರಂ ಬೋರ್ಡು ಹರಡಿ ಕರೆದ. ಅವಳು ಬಂದಳು, ಎರಡು ಕಾಯಿ ಹೊಡೆದಳು, ಮತ್ತೆ ಕಿಟಕಿಗೆ ಹೋದಳು. ಅವನು ಇಸ್ಪೀಟು ತೆಗೆದ. ಅತ್ತೆ ಮೋಸ ಮಾಡಿ ಗೆದ್ದು ಅಡುಗೆಮನೆಗೆ ನಡೆದರು. ಅವನು ಸಾಮಾನ್ಯ ಜ್ಞಾನಕ್ಕೆ ಕೈ ಹಾಕಿ, ಪ್ರಪಂಚದ ಅತಿ ಆಳದ ಸಮುದ್ರ ಯಾವುದು ಎಂದು ಕೇಳುವ ಹೊತ್ತಿಗೆ ಮುಂಬಾಗಿಲ ಕೆಳಗಿನಿಂದ ನೀರಿನ ಗೆರೆಯೊಂದು ಮೆಲ್ಲಗೆ ಒಳಗೆ ಬಂತು.

ಗ್ಯಾರಂಟಿಯಪ್ಪನ ಮುಖ ಅರಳಿತು! ಮುಂಬಾಗಿಲ ಸುತ್ತ ಸಂದು, ಕಿಟಕಿಗಳ ಚೌಕಟ್ಟಿನಲ್ಲಿ ಸಂದು, ಎಲ್ಲ ಕಡೆಯಿಂದಲೂ ನೀರು ಅವನ ಹೆಸರು ಹಿಡಿದು ಕೂಗುತ್ತಿರುವಂತೆ ಒಸರುತ್ತಿತ್ತು. ಹೆಂಡತಿ ಒಂದು ಹಳೆ ಬಟ್ಟೆ ಹುಡುಕಿ ತಂದು ಬಾಗಿಲಿಗೆ ಒತ್ತಿದರಾಯಿತು ಎಂದಳು. ಅವನಿಗೆ ಅವಮಾನವಾಯಿತು. ಶಸ್ತ್ರವೈದ್ಯನ ಮುಂದೆ ಬ್ಯಾಂಡೇಜಿನ ಮಾತೇ? ಟವೆಲುಗಳು ಹಾರಿದವು, ಗನ್ನು ಹೊರಬಂತು.

"ಸಾಮಾನು ತರಲ್ಲ ಅಂದಿದ್ರಿ" ಎಂದಳು ಹೆಂಡತಿ.

"ತಂದಿದ್ದು ಒಳ್ಳೇದಾಯ್ತು ನೋಡು" ಎಂದ ಗ್ಯಾರಂಟಿಯಪ್ಪ. ಅವನ ಪ್ರಕಾರ ಅದು ಕ್ಷಮೆ ಕೇಳಿದ ಹಾಗೆಯೇ.

ಅವನು ಕೆಲಸ ಮಾಡುವುದನ್ನು ನೋಡಬೇಕಿತ್ತು. ಮಂಡಿಯೂರಿ, ನಾಲಿಗೆ ಕಚ್ಚಿ, ಒಂದು ಕಣ್ಣು ಮುಚ್ಚಿ, ಬಾಗಿಲ ನಾಲ್ಕೂ ಅಂಚಿಗೆ ನೂಲು ಹಿಡಿದಂತೆ ಅಂಟೆಳೆದು ಬೆರಳಿನಿಂದ ನುಣುಪು ಮಾಡಿದ. ಕಿಟಕಿಗಳಿಗೂ ಅದೇ ಸೇವೆ ಸಂದಿತು. ಉಳಿದದ್ದು ಅಡುಗೆಮನೆಯಲ್ಲಿ ಸಿಂಕಿನ ಮೇಲಿದ್ದ ಪುಟ್ಟ ಕಿಟಕಿ. ಅತ್ತೆ ಸೌಟು ಹಿಡಿದು ಅಡ್ಡ ನಿಂತರು. ಹೊಗೆ ಹೋಗಲು ದಾರಿ ಬೇಕು, ನಿಮ್ಮ ಗೋಂದು ಆ ಕಡೆಗೇ ಇರಲಿ ಎಂದರು. ಗೋಂದು ಎಂಬ ಪದ ಅವನಿಗೆ ಚುಚ್ಚಿತು. ಆದರೂ ಸೌಟು ನೋಡಿ ಹಿಂದೆ ಸರಿದ.

ಒಂದು ಹನಿಯೂ ಒಳಗೆ ಬರಲಿಲ್ಲ. ಗಾಳಿಯ ಸದ್ದೂ ನಿಂತುಹೋಯಿತು. ಇಂಥ ಕೆಲಸ ಈ ದಂಡೆಯಲ್ಲಿ ಯಾರೂ ಮಾಡಿಲ್ಲ, ಹತ್ತು ವರ್ಷ ಗ್ಯಾರಂಟಿ ಎಂದು ಹೇಳಿಕೊಂಡು ಅವನು ನೆಮ್ಮದಿಯಾಗಿ ಮಲಗಿದ.

ಬೆಳಗಾದಾಗ ಸಮುದ್ರ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಮೋಡದ ಚೂರೂ ಇರಲಿಲ್ಲ. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಮುಂಬಾಗಿಲ ಚಿಲಕ ತೆಗೆದು ಎಳೆದಳು. ಬಾಗಿಲು ಕದಲಲಿಲ್ಲ. ಇನ್ನೊಮ್ಮೆ ಎಳೆದಳು. ಆಮೇಲೆ ತಿರುಗಿ ಗಂಡನನ್ನು ನೋಡಿದಳು.

ಗ್ಯಾರಂಟಿಯಪ್ಪ ಬಾಗಿಲಂಚಿನ ಅಂಟನ್ನು ಉಗುರಿನಿಂದ ಒತ್ತಿ ನೋಡಿದ. ಟ್ಯಾಂಕಿಗೆ ಯಾರೂ ಬಾಗಿಲಿಡುವುದಿಲ್ಲ. ಅವನ ಇಷ್ಟು ವರ್ಷದ ಕಸುಬಿನಲ್ಲಿ, ಮುಚ್ಚಿದ್ದನ್ನು ಮತ್ತೆ ತೆರೆದು ಕೊಡಿ ಎಂದು ಒಬ್ಬನೇ ಒಬ್ಬ ಗಿರಾಕಿ ಕೇಳಿರಲಿಲ್ಲ.

ಅವನು ಎಳೆದ, ಒದ್ದ, ಭುಜ ಕೊಟ್ಟು ನೂಕಿದ. ಒಳಕ್ಕೆ ತೆರೆಯುವ ಬಾಗಿಲನ್ನು ಹೊರಕ್ಕೆ ನೂಕುತ್ತಿದ್ದೀರಿ ಎಂದು ಅತ್ತೆ ಜ್ಞಾಪಿಸಿದರು. ಚಾಕು ತಂದು ಅಂಟು ಕೆರೆದ. ಚಾಕು ಬಾಗಿತು. ಅಂಟು ಕರಗಿಸುವ ದ್ರಾವಣ ಊರಿನ ಗೋದಾಮಿನಲ್ಲಿ ಸುರಕ್ಷಿತವಾಗಿತ್ತು. ಹಿತ್ತಲ ಬಾಗಿಲು ಆ ಮನೆಗೆ ಇರಲೇ ಇಲ್ಲ, ಕಿಟಕಿಗಳ ಗಾಜು ಒಡೆಯೋಣವೆಂದರೆ ಹೊರಗೆ ಕಬ್ಬಿಣದ ಕಂಬಿ. ಮನೆ ನೋಡಿಕೊಳ್ಳುವ ಹೆಂಗಸಿಗೆ ಫೋನು ಮಾಡಿದರೆ, ರಸ್ತೆಗೆ ಮರ ಬಿದ್ದಿದೆ, ಬಡಗಿಯನ್ನು ಕರೆದುಕೊಂಡು ಬರುವಾಗ ಸಂಜೆಯಾಗುತ್ತದೆ ಎಂದಳು. ಬಾಗಿಲು ತಾನಾಗಿ ಹೇಗೆ ಅಂಟಿಕೊಂಡಿತು ಎಂದೂ ಕೇಳಿದಳು. ಗ್ಯಾರಂಟಿಯಪ್ಪ ಸಿಗ್ನಲ್ ಸರಿಯಿಲ್ಲ ಎಂದು ಫೋನಿಟ್ಟ.

ಹೆಂಡತಿ ಜಗಳ ತೆಗೆಯಲಿಲ್ಲ. ಜಗಳವಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ದೊಡ್ಡ ಕಿಟಕಿಯ ಮುಂದೆ ನಿಂತು ಸಮುದ್ರ ನೋಡಿದಳು. ಕೈಯಲ್ಲಿ ಇನ್ನೂ ಚಪ್ಪಲಿ ಇತ್ತು. "ಒಂದೇ ದಿನ ಕೇಳಿದ್ದೆ" ಎಂದಳು, ಯಾರಿಗೋ ಹೇಳುವ ಹಾಗೆ. ಗ್ಯಾರಂಟಿಯಪ್ಪನಿಗೆ ನಿಜಕ್ಕೂ ಸಂಕಟವಾಯಿತು. ತಲೆ ಎತ್ತಲಾಗಲಿಲ್ಲ.

ಆಗ ಅತ್ತೆ ಅಡುಗೆಮನೆಯಿಂದ, ಈ ಕಿಟಕಿ ಸರಿಯುತ್ತದೆ, ಇದಕ್ಕೆ ಕಂಬಿಯೂ ಇಲ್ಲ ಎಂದು ವರದಿ ಕೊಟ್ಟರು.

ಗ್ಯಾರಂಟಿಯಪ್ಪನ ರಕ್ತ ಮತ್ತೆ ಬಿಸಿಯಾಯಿತು. ಮೊದಲು ತಾನು ಇಳಿದು ಇಬ್ಬರನ್ನೂ ಕೈಹಿಡಿದು ಇಳಿಸುತ್ತೇನೆ, ಹೆದರಬೇಡಿ ಎಂದ. ಅವರು ಹೆದರಿರಲಿಲ್ಲ. ಸ್ಟೂಲು ಹತ್ತಿ ತಲೆ ತೂರಿಸಿದ, ಭುಜ ತೂರಿಸಿದ. ಆಮೇಲೆ ಹೊಟ್ಟೆಯ ಸರದಿ ಬಂತು. ಅದು ಬಾಗಿಲಿಗಿಂತ ಭದ್ರವಾಗಿ ಕಿಟಕಿಗೆ ಕೂತಿತು. ಎಳೆಬಿಸಿಲು ಬೆನ್ನಿಗೆ ಹಿತವಾಗಿತ್ತು, ಕಾಲುಗಳ ಕಡೆ ಅತ್ತೆಯ ಗೊಣಗಾಟವಿತ್ತು. ಅರ್ಧ ಗ್ಯಾರಂಟಿಯಪ್ಪ ರಜೆಯಲ್ಲಿದ್ದ, ಉಳಿದರ್ಧ ಅಡುಗೆಮನೆಯಲ್ಲಿ. ಹಿತ್ತಲ ಗೋಡೆಯ ಮೇಲಿದ್ದ ಕಾಗೆಯೊಂದು ಅವನನ್ನು ಆಸಕ್ತಿಯಿಂದ ಗಮನಿಸುತ್ತಿತ್ತು.

ತಾಯಿ ಮಗಳು ಒಂದೊಂದು ಕಾಲು ಹಿಡಿದು ಎಳೆದರು. ಅವನು ಹೊರಗಿನಿಂದಲೇ, ಎಳೆಯುವ ಕೋನ ತಪ್ಪಿದೆ, ಸ್ವಲ್ಪ ಎಡಕ್ಕೆ, ಎಡಕ್ಕೆ ಅಂದರೆ ನನ್ನ ಎಡಕ್ಕೆ ಎಂದು ನಿರ್ದೇಶನ ಕೊಡುತ್ತಿದ್ದ. ಕೊನೆಗೆ ಅತ್ತೆ ಅಡುಗೆ ಎಣ್ಣೆಯ ಬಾಟಲಿ ತಂದರು.

"ಅಳಿಯಂದ್ರೇ, ಉಸಿರು ಬಿಡಿ. ಮಾತಾಡ್ಬೇಡಿ. ನೀವು ಮಾತಾಡಿದ್ರೆ ಹೊಟ್ಟೆ ಉಬ್ಬುತ್ತೆ."

ಬಾಯಿ ಮುಚ್ಚಿದ ಕೂಡಲೇ ಅವನು ಜಾರಿ ಒಳಗೆ ಬಂದು ಬಿದ್ದ. ಇದನ್ನು ಅತ್ತೆ ಎರಡು ಸಲ ಎತ್ತಿ ಹೇಳಿದರು.

ಆಮೇಲೆ ಅತ್ತೆ ಸ್ಟೂಲು ಹತ್ತಿ, ಕಾಲು ಮೊದಲು ಹೊರಗೆ ಹಾಕಿ, ಲಕೋಟೆಯೊಳಗಿನ ಕಾಗದ ಈಚೆ ಬಂದಷ್ಟು ಸಲೀಸಾಗಿ ಹೊರಬಿದ್ದರು. ಹೆಂಡತಿ ಇಳಿಯುವ ಮುನ್ನ ತನ್ನ ಫೋನನ್ನು ಅವನ ಎಣ್ಣೆಗೈಗೆ ಕೊಟ್ಟು, "ಇದು ನಿಮ್ಮ ಹತ್ರಾನೇ ಇರ್ಲಿ" ಎಂದಳು. ಹೊರಗೆ ನಿಂತು ಒಮ್ಮೆ ಒಳಗೆ ಇಣುಕಿದಳು.

"ಒಬ್ರೇ ಇರ್ತೀರಾ?"

ಗ್ಯಾರಂಟಿಯಪ್ಪ ಹುತಾತ್ಮನ ದನಿ ತೆಗೆದ. "ಹೋಗು. ನನ್ನ ಯೋಚನೆ ಬಿಡು."

ಅಯ್ಯೋ ನಿಮ್ಮನ್ನು ಬಿಟ್ಟು ಹೇಗೆ ಹೋಗಲಿ ಎಂದು ಅವಳು ಒಂದು ಸಲವಾದರೂ ಅಂದಾಳು ಎಂದು ಅವನು ಕಾದ. ಕಾಗೆ ಮಾತ್ರ ಅಲ್ಲೇ ಇತ್ತು.

ದೊಡ್ಡ ಕಿಟಕಿಗೆ ಬಂದು ನೋಡಿದರೆ ಹೆಂಡತಿ ಆಗಲೇ ನೀರಿನಂಚಿಗೆ ತಲುಪಿದ್ದಳು. ಚಪ್ಪಲಿ ಪಕ್ಕಕ್ಕಿಟ್ಟು ಮರಳಲ್ಲಿ ಕೂತು ಕಾಲು ಚಾಚಿದಳು. ಅತ್ತೆ ದೂರದಲ್ಲಿ ಒಂದು ದೋಣಿಯ ನೆರಳು ನೋಡಿಕೊಂಡು ಒರಗಿದರು. ಗ್ಯಾರಂಟಿಯಪ್ಪ ಗಾಜು ಬಡಿದು, ಕಪ್ಪೆಚಿಪ್ಪು ಎಡಗಡೆ ಜಾಸ್ತಿ ಸಿಗುತ್ತದೆ ಎಂದು ಕೂಗಿದ. ಅವಳು ತಿರುಗಲಿಲ್ಲ. ನೀರಿಗೆ ಉಪ್ಪು ಜಾಸ್ತಿ, ಹಿಮ್ಮಡಿ ಬಿರುಕು ಉರಿಯುತ್ತದೆ ಎಂದು ಎಚ್ಚರಿಸಿದ. ದೀಪಸ್ತಂಭ ಇಲ್ಲಿಂದ ಹತ್ತಿರ ಎಂದು ಗಂಟಲು ಹರಿದುಕೊಂಡ. ಅವನ ಅಂಟು ಮಾತನ್ನೂ ಸೋರಲು ಬಿಡುತ್ತಿರಲಿಲ್ಲ! ಫೋನು ಮಾಡೋಣವೆಂದು ತನ್ನ ಫೋನು ತೆಗೆದು ಒತ್ತಿದ. ಅವನದೇ ಇನ್ನೊಂದು ಜೇಬಿನಲ್ಲಿ ಅವಳ ಫೋನು ಬಡಕೊಂಡಿತು.

ಒಬ್ಬನೇ ಕೇರಂ ಆಡಿದ, ಸೋತ. ತನಗೆ ತಾನೇ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳಿಕೊಂಡ. ಅತಿ ಆಳದ ಸಮುದ್ರ ಯಾವುದೆಂದು ಅವನಿಗೂ ಗೊತ್ತಿರಲಿಲ್ಲ. ಇನ್ನೇನೂ ತೋಚದೆ ಅವಳ ಕುರ್ಚಿಯಲ್ಲಿ ಕೂತ.

ಅವಳು ಅಲ್ಲಾಡದೆ ಕೂತೇ ಇದ್ದಳು. ಅಲೆ ಬಂದು ಪಾದ ಮುಟ್ಟಿ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಭುಜಗಳು ಇಳಿದಿದ್ದವು. ಇಷ್ಟು ದಿನ ಅವು ಏರಿಕೊಂಡೇ ಇದ್ದವೆಂದು ಅವನಿಗೆ ಆಗಲೇ ತಿಳಿದದ್ದು. ತನ್ನ ಹೆಂಡತಿ ಸಂತೋಷವಾಗಿದ್ದಾಳೆ, ಅದಕ್ಕೆ ತಾನು ಮಾಡಬೇಕಾಗಿದ್ದ ಕೆಲಸ ಏನೂ ಇರಲಿಲ್ಲ ಎಂಬುದು ಹೊಳೆದಾಗ ಅವನಿಗೆ ಪಾಪ ಬಹಳ ನೋವಾಯಿತು. ಆಮೇಲೆ ನಿದ್ದೆ ಬಂತು.

ಸಂಜೆ ಬಡಗಿ ಬಂದು ಹೊರಗಿನಿಂದ ಚೌಕಟ್ಟನ್ನೇ ಕಿತ್ತು ಬಾಗಿಲಿಳಿಸಿದ. ಅಂಟಿನ ಮೇಲೆ ಬೆರಳಾಡಿಸಿ, ಇದು ಯಾರ ಕೈಕೆಲಸ, ಭಾರಿ ಗಟ್ಟಿಯಪ್ಪ ಎಂದ. ಜೀವಮಾನದಲ್ಲಿ ಮೊದಲ ಸಲ ಗ್ಯಾರಂಟಿಯಪ್ಪ ಹೊಗಳಿಕೆ ಕೇಳಿ ಮುಖ ಬೇರೆ ಕಡೆ ತಿರುಗಿಸಿದ. ಚೌಕಟ್ಟು ಹೊಸದು ಹಾಕಿಸಿಕೊಡುತ್ತೇನೆಂದು ಮನೆ ನೋಡಿಕೊಳ್ಳುವ ಹೆಂಗಸಿಗೆ ಮೆತ್ತಗೆ ಹೇಳಿದ. ರಾತ್ರಿಯೊಳಗೆ ಹಳೆ ಬಾಗಿಲನ್ನೇ ಹೇಗಾದರೂ ನಿಲ್ಲಿಸುತ್ತೇನೆ ಎಂದು ಬಡಗಿ ಒಪ್ಪಿಕೊಂಡ.

ಹೆಂಡತಿ ಮರಳು ಕೊಡವುತ್ತ ಬಂದಳು. ಮೂಗು ಬಿಸಿಲಿಗೆ ಕೆಂಪಾಗಿತ್ತು. ಏನೋ ಗುನುಗುತ್ತಿದ್ದಳು. ಅವಳು ಗುನುಗುವುದನ್ನು ಅವನು ಕೇಳಿ ಯಾವ ಕಾಲವಾಗಿತ್ತೋ. ಇಡೀ ದಿನ ಮನಸ್ಸಿನಲ್ಲೇ ತಿದ್ದಿ ತೀಡಿದ ಕ್ಷಮಾಪಣೆಯನ್ನು ಅವನು ಹೊರತೆಗೆದ.

"ನೋಡು, ನಂದು ತಪ್ಪಾಯ್ತು. ನಾಳೆ ಮಧ್ಯಾಹ್ನ ಹೊರಡೋವರೆಗೂ ನಿನ್ನ ಜೊತೇನೇ ಕೂತಿರ್ತೀನಿ. ಒಂದು ಮಾತೂ ಆಡಲ್ಲ. ಗ್ಯಾರಂಟಿ."

ಅವಳು ಬಡಗಿ ನಿಲ್ಲಿಸುತ್ತಿದ್ದ ಬಾಗಿಲನ್ನು ನೋಡಿದಳು. ಆಮೇಲೆ ಗಂಡನ ಕೈಯನ್ನು ಬಹಳ ಪ್ರೀತಿಯಿಂದ ಹಿಡಿದುಕೊಂಡಳು.

"ನಾಳೆ ಬೆಳಿಗ್ಗೇನೂ ಬಿಸಿಲೇ ಅಂತೆ ರೀ. ಆ ಅಂಟು ಇನ್ನೊಂದು ಟ್ಯೂಬ್ ಉಳಿದಿದೆಯಾ?"

ಟವೆಲುಗಳ ಅಡಿಯಲ್ಲಿ ಇನ್ನೂ ಇದ್ದವು. ಆದರೆ ಗ್ಯಾರಂಟಿಯಪ್ಪ, ಕಸುಬಿಗೆ ಇಳಿದ ಮೇಲೆ ಮೊಟ್ಟಮೊದಲ ಸಲ, ಗಿರಾಕಿಗೆ ಮಾಲು ಮುಗಿದಿದೆ ಎಂದು ಸುಳ್ಳು ಹೇಳಿದ.